ಟೋಪಿ ಸುಮ್ಮನಿರುತ್ತಿತ್ತು, ಕ್ಯಾಮೆರಾ ಸುಮ್ಮನಿರುವುದಿಲ್ಲ

ನಮ್ಮ ಯಜಮಾನರ ಪಲ್ಟನ್ನಿನ ಕಮಾಂಡಿಂಗ್ ಸಾಹೇಬರಿಗೆ,

ಮಾನ್ಯರೇ, ನನ್ನ ಗಂಡನಿಗೆ ತಾವು ಕೊಡುತ್ತಿರುವ ಕೆಲಸ ಸಾಲುತ್ತಿಲ್ಲ.

ಸೈನಿಕರ ಹೆಂಡತಿಯರು ಪತ್ರ ಬರೆದರೆ ಸಾಮಾನ್ಯವಾಗಿ ಗಂಡನಿಗೆ ಕೆಲಸ ಜಾಸ್ತಿಯಾಯಿತು, ಬೆಟ್ಟದಿಂದ ಕೆಳಗಿಳಿಸಿ, ರಜೆ ಕೊಡಿ ಎಂದು ಕೇಳಿಕೊಳ್ಳುತ್ತಾರೆ. ರಜೆ ನಾನೂ ಕೇಳುವವಳೇ, ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ನನ್ನ ದೂರು ಇಷ್ಟು: ತಮ್ಮ ಕೈಕೆಳಗಿನ ಹವಾಲ್ದಾರ್ ಕನಕರಾಜು ಅವರು ದೇಶದ ಗಡಿಯನ್ನು ಕಾದು ಮಿಕ್ಕ ಹೊತ್ತಿನಲ್ಲಿ ಹುಣಸೂರು ತಾಲ್ಲೂಕು ಕಟ್ಟೆಮಳಲವಾಡಿಯಲ್ಲಿರುವ ನಮ್ಮ ದನದ ಕೊಟ್ಟಿಗೆಯನ್ನೂ ಕಾಯುತ್ತಿದ್ದಾರೆ. ಗಡಿಯ ಆಚೆಯವರು ಅವರಿಗೆ ಎಷ್ಟು ಹೆದರುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಹಸು ಮಾತ್ರ ಬಹಳ ಹೆದರಿದೆ. ಈ ವಿಷಯವನ್ನು ತಮ್ಮ ಕಚೇರಿಯವರು ಹೆಂಡತಿಯರಿಗಾಗಿ ನಡೆಸುವ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಅರಿಕೆ ಮಾಡಿಕೊಂಡಿದ್ದೆ. ಉತ್ತರವಾಗಿ ಎರಡು ಕೈ ಮುಗಿದಿರುವ ಚಿತ್ರ ಬಂತು. ಆದ್ದರಿಂದ ಈಗ ಪತ್ರಿಕೆಯ ಮೂಲಕ, ನಾಲ್ಕು ಜನರ ಎದುರಿನಲ್ಲೇ ಕೇಳುತ್ತಿದ್ದೇನೆ.

ಹೋದ ವರ್ಷ ಸಂಕ್ರಾಂತಿಗೆ ರಜೆಯ ಮೇಲೆ ಬಂದ ಯಜಮಾನರು ಹುಣಸೂರಿನಿಂದ ಮುಜಫರ್ ಅವರನ್ನು ಕರೆಸಿ ಜಗಲಿಗೊಂದು, ಕೊಟ್ಟಿಗೆಗೊಂದು, ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಬ್ಯಾರನ್ ಮನೆಗೊಂದು ಕ್ಯಾಮೆರಾ ಹಾಕಿಸಿದರು. ಕಳ್ಳರ ಕಾಟಕ್ಕೆ ಎಂದರು. ನಮ್ಮ ಮನೆಗೆ ಕಳ್ಳ ಬಂದರೆ ನನ್ನ ಅತ್ತೆ ಅವನನ್ನು ಹಿಡಿದು ಕೂರಿಸಿ, ಯಾರ ಮಗ, ಯಾವೂರು, ಮದುವೆ ಆಗಿದೆಯೇ ಎಂದು ವಿಚಾರಿಸುವಷ್ಟರಲ್ಲಿ ಅವನಿಗೇ ಸಾಕಾಗಿ ಹೋಗುತ್ತದೆ. ಅದಿರಲಿ. ಮುಜಫರ್ ಒಳ್ಳೆಯ ಕೆಲಸಗಾರ, ಅಚ್ಚುಕಟ್ಟಾಗಿ ತಂತಿ ಎಳೆದರು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಅಣ್ಣ, ಇದ್ರಲ್ಲಿ ಬರೀ ನೋಡೋದಲ್ಲ, ಅಲ್ಲಿಂದ್ಲೇ ಮಾತೂ ಆಡ್ಬೋದು ಕಣಣ್ಣ. ಕತ್ತೂ ತಿರುಗ್ಸುತ್ತೆ" ಅಂದರು. ಆ ಮಾತನ್ನು ಅವರು ಹೇಳದೆ ಹೋಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ತಮಗೆ ತಿಳಿದಿರಲಿ ಎಂದು ಹೇಳುತ್ತೇನೆ, ಇದು ಹೀಗೆಯೇ ಇರಲಿಲ್ಲ. ಈ ಮನೆಯಲ್ಲಿ ನಾನು ಮೂರನೆಯ ತಲೆಮಾರಿನ ಮಿಲಿಟರಿ ಹೆಂಡತಿ. ಮೊದಲನೆಯವರು ನನ್ನ ಯಜಮಾನರ ಅಜ್ಜಿ ಚಿಕ್ಕಬೀರಮ್ಮನವರು. ಈಗಲೂ ಗಟ್ಟಿಯಾಗಿದ್ದಾರೆ, ಈ ಪತ್ರದ ಮುಂದಿನ ಅನಾಹುತಕ್ಕೆ ಅವರೇ ಕಾರಣ. ಅವರ ಗಂಡ ಚಾಮಯ್ಯನವರು ಮಿಲಿಟರಿಗೆ ಸೇರಿದ ಮೇಲೆ ವರ್ಷಕ್ಕೊಂದು ಸಲ ಬರುತ್ತಿದ್ದರು, ಬಂದರೆ ಬಂದರು. ಕಾಗದ ಬಂದರೆ ಸ್ಕೂಲು ಮೇಷ್ಟ್ರು ಓದಿ ಹೇಳುತ್ತಿದ್ದರು. ಅಜ್ಜಿ ಕಾಯುತ್ತಿದ್ದರು, ಅತ್ತೂ ಇದ್ದರು, ಅದನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಕಾಯುತ್ತಾ ಕೈಕಟ್ಟಿ ಕೂರಲಿಲ್ಲ. ಜೊತೆ ಎತ್ತು ಕಟ್ಟಿದರು, ನಾದಿನಿಯನ್ನು ಕಂಪಲಾಪುರಕ್ಕೆ ಮದುವೆ ಮಾಡಿಕೊಟ್ಟರು, ಹಿತ್ತಲಲ್ಲಿ ಬಾವಿ ತೆಗೆಸಿದರು. ಯಾವುದನ್ನೂ ಗಂಡನಿಗೆ ಕೇಳಲಿಲ್ಲ, ಕೇಳುವುದು ಹೇಗೆ? ಚಾಮಯ್ಯನವರು ರಜೆಗೆ ಬಂದು ಮುಖ ತೊಳೆಯಲು ಟವೆಲ್ ಹೆಗಲಿಗೆ ಹಾಕಿಕೊಂಡು ಕೆರೆ ಕಡೆ ಹೊರಟಾಗ ಅಜ್ಜಿ ಕರೆದು, "ಅತ್ಲಾಗ್ ಎಲ್ಲೋಯ್ತೀರಿ, ಇತ್ಲಲ್ಲಿ ಬಾವಿ ಐತೆ ಬನ್ನಿ" ಅಂದರಂತೆ. ತನಗೊಂದು ಬಾವಿ ಇದೆ ಎಂದು ಆ ಯಜಮಾನರಿಗೆ ಗೊತ್ತಾದದ್ದೇ ಆಗ.

ಎರಡನೆಯವರು ನನ್ನ ಅತ್ತೆ ಪ್ರಮೀಳಾ. ಅವರ ಕಾಲಕ್ಕೆ ಹುಣಸೂರಿನಲ್ಲಿ ಎಸ್‌ಟಿಡಿ ಬೂತು ಬಂದಿತ್ತು. ಭಾನುವಾರ ಒಳ್ಳೆಯ ಸೀರೆ ಉಟ್ಟು, ಮುಡಿಗೆ ಹೂ ಇಟ್ಟು, ಫೋನಿನಲ್ಲಿ ಗಂಡನಿಗೆ ಕಾಣುತ್ತದೇನೋ ಎಂಬಂತೆ ಬೂತಿನ ಮುಂದೆ ಕೂತಿರುತ್ತಿದ್ದರು. ಮೀಟರಿನ ಕೆಂಪಂಕಿಗಳು ಓಡುತ್ತಿದ್ದದ್ದರಿಂದ ದಾಂಪತ್ಯ ಬಹಳ ಚುರುಕಾಗಿ ಸಾಗುತ್ತಿತ್ತು. "ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ, ಬ್ಯಾರನ್ ಕಟ್ಟಿಸ್ತಾ ಇದ್ದೀನಿ, ಇಡ್ತೀನಿ." ನನ್ನ ಮಾವ ಅಣ್ಣಯ್ಯನವರು ಆ ಕಡೆಯಿಂದ "ಯಾವ ಬ್ಯಾರನ್?" ಅನ್ನುವಷ್ಟರಲ್ಲಿ ಅತ್ತೆ ಊರಿನ ಬಸ್ಸು ಹತ್ತಿಯಾಗಿರುತ್ತಿತ್ತು. ನಡುವೆ ಕೆಲವು ವರ್ಷ ಅವರು ಉತ್ತರದಲ್ಲಿ ಮಿಲಿಟರಿ ಕ್ವಾರ್ಟರ್ಸಿನಲ್ಲೂ ಇದ್ದು ಬಂದರು. ಅಲ್ಲಿ ಹೆಂಡತಿಯರ ಕಲ್ಯಾಣಕ್ಕೆಂದು ತಿಂಗಳಿಗೊಮ್ಮೆ ಸಭೆ ಸೇರಿಸಿ ಕರವಸ್ತ್ರವನ್ನು ಹಂಸದ ಆಕಾರಕ್ಕೆ ಮಡಿಸುವುದನ್ನು ಹೇಳಿಕೊಟ್ಟರಂತೆ. ಆ ಹಂಸದಿಂದ ನಮ್ಮ ಹೊಲಕ್ಕೆ ಇನ್ನೂ ಉಪಯೋಗವಾಗಿಲ್ಲ. ಅಲ್ಲಿ ಕಲಿತ ಹಿಂದಿ ಮಾತ್ರ ಕೆಲಸಕ್ಕೆ ಬಂತು, ಅದರಲ್ಲಿ ಎಮ್ಮೆಯನ್ನು ಬೈಯುತ್ತಾರೆ. ಕನ್ನಡದಲ್ಲಿ ಬೈದರೆ ನಮ್ಮ ಎಮ್ಮೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಸೇನೆಗೂ ನಮ್ಮ ಮನೆಯ ಹೆಂಗಸರಿಗೂ ನಡುವೆ ಬಾಯಿಮಾತಿನ ಒಂದು ಒಪ್ಪಂದವಿತ್ತು ಎಂದು ತೋರಿಸಲು. ನೀವು ಗಂಡನನ್ನು ತೆಗೆದುಕೊಳ್ಳುತ್ತೀರಿ, ನಮಗೆ ಮನೆಯ ಯಜಮಾನಿಕೆಯನ್ನು ಬಿಟ್ಟುಕೊಡುತ್ತೀರಿ. ಸುಖದ ಒಪ್ಪಂದವೆಂದು ನಾನು ಹೇಳುವುದಿಲ್ಲ. ಆದರೆ ನ್ಯಾಯವಾಗಿತ್ತು. ಗಂಡ ಇಲ್ಲದ ಮನೆಯಲ್ಲಿ ಅವಳ ಮಾತೇ ಮಾತು, ಊರೂ ಅದಕ್ಕೆ ತಲೆಬಾಗುತ್ತಿತ್ತು. ಈಗ ನನ್ನ ತಲೆಮಾರಿನಲ್ಲಿ ಏನಾಗಿದೆ? ಗಂಡನ ಕೈಗಳು ಗಡಿಯಲ್ಲೇ ಇವೆ, ಕಾಲುಗಳೂ ಅಲ್ಲೇ ಇವೆ, ಬಾಯಿ ಮಾತ್ರ ಊರಿಗೆ ವರ್ಗವಾಗಿ ಬಂದಿದೆ. ಇಡೀ ಗಂಡನನ್ನು ಕಳಿಸಲು ಸಾಧ್ಯವಿಲ್ಲದಿದ್ದರೆ ಬಾಯಿಯನ್ನಾದರೂ ಯಾಕೆ ಕಳಿಸಿದಿರಿ ಸಾಹೇಬರೇ?

ಬೆಳಿಗ್ಗೆ ನಾನು ಹಾಲು ಕರೆಯಲು ಕೂತರೆ ತಲೆಯ ಮೇಲಿನಿಂದ "ಶಾಂತಾ, ಕರು ಬಿಡ್ಲಿಲ್ವಾ?" ಎಂದು ಕೇಳುತ್ತದೆ. ಹಸು ಒದೆಯುತ್ತದೆ. ಡೇರಿಗೆ ಹಾಲು ಒಯ್ಯುವಾಗ ಜಗಲಿಯ ಕ್ಯಾಮೆರಾ ಕತ್ತು ತಿರುಗಿಸಿ "ಲೇಟಾಯ್ತು" ಅನ್ನುತ್ತದೆ. ತಿಂಡಿಗೆ ಕೂತರೆ ಏನು ತಿಂಡಿ ಎಂದು ಕೇಳುತ್ತದೆ, ಉಪ್ಪಿಟ್ಟು ಎಂದರೆ ಮತ್ತೆ ಉಪ್ಪಿಟ್ಟಾ ಅನ್ನುತ್ತದೆ, ತಿನ್ನುವವರು ನಾವಾದರೂ. ನಟರಾಜು ಅಂತ ನಮ್ಮ ಪಕ್ಕದ ಮನೆಯವರು ಒಂದು ಗುದ್ದಲಿ ಕೇಳಲು ಬಂದವರು "ಹೋದ್ಸಲದ್ದು ವಾಪಸ್ ಕೊಟ್ರಾ?" ಎಂದು ಗೋಡೆ ಕೇಳಿದ್ದಕ್ಕೆ ಬೆಚ್ಚಿ ಎರಡು ವಾರ ಈ ಕಡೆ ತಲೆ ಹಾಕಲಿಲ್ಲ. ಇಷ್ಟರ ನಡುವೆ ತಮ್ಮ ವಾಟ್ಸಾಪ್ ಗುಂಪಿನಲ್ಲಿ ಸೋಮವಾರ ಸೋಮವಾರ ಸಂದೇಶ ಬರುತ್ತದೆ: ಪತಿಯ ಮನೋಬಲ ಕಾಪಾಡಿ, ಮನೆಯ ಚಿಂತೆಯನ್ನು ಗಡಿಗೆ ಕಳುಹಿಸಬೇಡಿ. ನಾನು ಕಳುಹಿಸುತ್ತಿಲ್ಲ ಸ್ವಾಮಿ. ಅವರೇ ಬಂದು ತೆಗೆದುಕೊಂಡು ಹೋಗುತ್ತಿದ್ದಾರೆ.

ಅಜ್ಜಿಗೆ ಮಾತ್ರ ಇದರಿಂದ ಖುಷಿ. ಅವರ ಮಟ್ಟಿಗೆ ಜಗಲಿಯ ಕ್ಯಾಮೆರಾ ಮೊಮ್ಮಗನೇ. "ಉಂಡೇನ್ಲಾ ಮಗ, ಬೆಚ್ಚಗೆ ಒದ್ಕಳಪ್ಪ" ಎಂದು ಮಾತಾಡಿಸುತ್ತಾರೆ. ಮಳೆ ಬಂದ ದಿನ ಅದರ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿದ್ದರು. ಅವರಿಗಿರುವ ತಕರಾರು ಒಂದೇ, ಟೋಪಿಯದು. ಅದನ್ನೀಗ ವಿವರಿಸಬೇಕು.

ನಮ್ಮ ಕಡೆ ಯುಗಾದಿಗೆ ಹೊನ್ನಾರು ಹೂಡುತ್ತಾರೆ, ವರ್ಷದ ಮೊದಲ ಉಳುಮೆ. ಮನೆಯ ಗಂಡಸು ನೇಗಿಲು ಹಿಡಿಯಬೇಕು. ಮದುವೆಯಾದ ಎರಡನೆಯ ವರ್ಷ ಚಾಮಯ್ಯನವರು ಊರಲ್ಲಿರಲಿಲ್ಲ. ಗಂಡನಿಲ್ಲದೆ ಹೆಂಗೆ ಹೂಡುತ್ತೀ ಎಂದು ಊರಿನವರು ಕೇಳಿದಾಗ, ಅಜ್ಜಿ ಗಂಡ ಬಿಟ್ಟುಹೋಗಿದ್ದ ಮಿಲಿಟರಿ ಟೋಪಿಯನ್ನು ತಂದು ನೇಗಿಲ ಹಿಡಿಗೆ ಕಟ್ಟಿ, "ಇಗೊಳ್ಳಿ, ಅವ್ರೇ ಇಡ್ಕಂಡವ್ರೆ" ಅಂದು ಆಳಿನ ಕೈಯಲ್ಲಿ ಉಳುಮೆ ಮಾಡಿಸಿದರು. ಯಾರೂ ಎದುರಾಡಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಗಂಡಸು ಕೂರಬೇಕಾದ ಜಾಗದಲ್ಲಿ ಅವನ ಟೋಪಿ ಕೂರುತ್ತದೆ. ನನ್ನ ಅತ್ತೆ ಬ್ಯಾರನ್ ಕಟ್ಟಿಸಿದ ಮೇಲೆ ಶ್ರಾವಣದಲ್ಲಿ ಮೊದಲ ಬೆಂಕಿ ಹಾಕುವಾಗ ಮಣೆಯ ಮೇಲೆ ಮಾವನವರ ಟೋಪಿ ಇಟ್ಟು ಪಕ್ಕದಲ್ಲಿ ತಾವು ಕೂತರು. ಟೋಪಿ ಒಳ್ಳೆಯ ಗಂಡ ಸಾಹೇಬರೇ. ಹೇಳಿದಲ್ಲಿ ಕೂರುತ್ತದೆ, ಸೌದೆ ಹಸಿ ಇದೆ ಎನ್ನುವುದಿಲ್ಲ, ಪೂಜೆ ಮುಗಿದ ಮೇಲೆ ತಾನಾಗಿ ಪೆಟ್ಟಿಗೆಯೊಳಗೆ ಹೋಗುತ್ತದೆ. ಅಜ್ಜಿಯ ಕಟ್ಟುನಿಟ್ಟು ಒಂದೇ: ಈಗ ನೌಕರಿಯಲ್ಲಿರುವವನ ಟೋಪಿಯೇ ಆಗಬೇಕು, ಪಿಂಚಣಿಯವರದ್ದು ನಡೆಯದು.

ಹೋದ ವರ್ಷ ನನ್ನ ಯಜಮಾನರು ರಜೆ ಮುಗಿಸಿ ಹೊರಡುವಾಗ ಟೋಪಿಯನ್ನು ಬ್ಯಾಗಿಗೆ ತುಂಬಿಕೊಂಡರು. ಬಿಟ್ಟುಹೋಗಿ ಎಂದರೆ, "ವಿಡಿಯೋ ಕಾಲ್ ಇರುವಾಗ ಟೋಪಿ ಯಾಕೆ? ನಾನೇ ಮಣೆ ಮೇಲೆ ಕೂತ್ಕೋತೀನಲ್ಲ" ಅಂದರು. ಸರಿ, ಮೊದಲ ಬೆಂಕಿಯ ದಿನ ಮಣೆಯ ಮೇಲೆ ಮೊಬೈಲು ಒರಗಿಸಿಟ್ಟೆವು. ಕೂತರು. ಕೂತವರು ದೀಪ ಎಡಕ್ಕೆ, ಕಾಯಿ ಬಲಕ್ಕೆ ಎಂದು ಶುರು ಮಾಡಿದರು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ, ಬಾಯಿ ಅರ್ಧ ತೆರೆದುಕೊಂಡೇ ಮುಖ ನಿಂತುಬಿಟ್ಟಿತು. ಅತ್ತೆ ಅದನ್ನು ನೋಡದೆ, ಟೋಪಿಗೆ ಹೂ ಇಟ್ಟ ಅಭ್ಯಾಸದಲ್ಲಿ ಮೊಬೈಲಿನ ನೆತ್ತಿಯ ಮೇಲೆ ಒಂದು ಮೊಳ ಹೂ ಹಾಕಿದರು. ಅಲ್ಲಾಡದ ಮುಖ, ಮೇಲೆ ಹೂವಿನ ಹಾರ, ಎದುರಿಗೆ ದೀಪ, ಊದುಬತ್ತಿ. ಅದೇ ಹೊತ್ತಿಗೆ ಬಂದ ನಟರಾಜು ಬಾಗಿಲಲ್ಲೇ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ನಿಂತರು. ಅಜ್ಜಿ ಹಾರ ಕಿತ್ತು ಬಿಸಾಕಿ, "ಬುಡ್ತು ಅನ್ರಲೇ, ಎಲ್ರೂ ಬುಡ್ತು ಅನ್ರಿ" ಎಂದು ಎಲ್ಲರ ಬಾಯಲ್ಲೂ ಹೇಳಿಸಿದರು. ನೆಟ್‌ವರ್ಕ್ ವಾಪಸ್ಸು ಬಂದಾಗ ಯಜಮಾನರು ಮೊದಲು ಕೇಳಿದ ಮಾತು, "ಎಲ್ಲಾರೂ ಯಾಕೆ ಬುಡ್ತು ಅಂತಾವ್ರೆ?"

ನಗಬೇಡಿ, ಅನಾಹುತ ಇನ್ನೂ ಮುಂದಿದೆ. ಆಯುಧಪೂಜೆಯ ದಿನ ಬ್ಯಾರನ್ನಿನ ತುಂಬ ಸೊಪ್ಪಿತ್ತು. ಕಡ್ಡಿಗೆ ಕಟ್ಟಿ ಏರಿಸಿ, ಎಲೆ ಹಳದಿಗೆ ತಿರುಗಿ, ಇನ್ನು ಬೆಂಕಿಯನ್ನು ಹದವಾಗಿ ನೋಡಿಕೊಂಡರೆ ಮುಗಿಯಿತು ಅನ್ನುವ ಹೊತ್ತು. ಆ ಹೊತ್ತಿನಲ್ಲಿ ಬೆಂಕಿ ಆರಬಾರದು, ಆರಿದರೆ ಎಲೆ ಕರ್ರಗಾಗುತ್ತದೆ. ಅಜ್ಜಿ ಬೆಳಿಗ್ಗೆಯಿಂದ ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು, ಮಿಕ್ಸಿ, ಗ್ಯಾಸಿನ ಒಲೆ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿದರು. ಕ್ಯಾಮೆರಾವೂ ಆಯುಧವೇ ತಾನೇ? ಅದೂ ಮಿಲಿಟರಿಯವನದು. ಬ್ಯಾರನ್ನಿನ ಕ್ಯಾಮೆರಾ ಎತ್ತರದಲ್ಲಿತ್ತು, ಕೈಗೆ ಎಟುಕಲಿಲ್ಲ. ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ, ಮೊದಲು ವಿಭೂತಿಯಲ್ಲಿ, ಆಮೇಲೆ ಒದ್ದೆ ಕುಂಕುಮದಲ್ಲಿ ಅದ್ದಿ, ಸರಿಯಾಗಿ ಅದರ ಕಣ್ಣಿಗೇ ಬಳಿದರು.

ಗಡಿಯಲ್ಲಿ ನನ್ನ ಯಜಮಾನರು ಹಬ್ಬದ ಪೂಜೆ ನೋಡೋಣವೆಂದು ಫೋನು ತೆಗೆದರು. ಬ್ಯಾರನ್ನಿನ ಜಾಗದಲ್ಲಿ ಕಂಡದ್ದು ಒಂದೇ ಸಮನೆ ಕೆಂಪು, ಅದರ ನಡುವೆ ಬೂದು ಬಣ್ಣದ ಹೊಗೆ. ಸೈನಿಕನಲ್ಲವೇ, ತಡ ಮಾಡಲಿಲ್ಲ. ನಟರಾಜುಗೆ, ಡೇರಿಯವರಿಗೆ, ಹುಣಸೂರಿನ ಮುಜಫರ್‌ಗೆ, ಕೊನೆಗೆ ಅಗ್ನಿಶಾಮಕದವರಿಗೂ ಫೋನು ಮಾಡಿ, ಆಮೇಲೆ ಸ್ಪೀಕರಿನಲ್ಲಿ "ಬ್ಯಾರನ್‌ಗೆ ಬೆಂಕಿ ಬಿದ್ದದೆ, ನೀರು ಹಾಕ್ರಿ" ಎಂದು ಆರ್ಭಟಿಸಿದರು. ಹಬ್ಬದ ಬಟ್ಟೆಯಲ್ಲಿದ್ದ ಇಡೀ ಬೀದಿ ಕೊಡ ಹಿಡಿದು ಓಡಿಬಂತು. ನಾನು ಬ್ಯಾರನ್ನಿನ ಬಾಗಿಲಲ್ಲೇ ನಿಂತಿದ್ದೆ. ಎಲ್ಲೂ ಬೆಂಕಿಯಿಲ್ಲ, ಇರಬೇಕಾದ ಒಲೆಯಲ್ಲಿ ಬಿಟ್ಟರೆ. ಎರಡು ಕೈ ಅಗಲಿಸಿ ಹೇಳಿದೆ, "ಏನೂ ಆಗಿಲ್ಲ ಕಣ್ರಪ್ಪ, ನೀರು ಹಾಕ್ಬೇಡಿ, ಸೊಪ್ಪು ಹಾಳಾಗುತ್ತೆ." ಸ್ಪೀಕರು ಹೇಳಿತು, "ಹಾಕ್ರಿ." ನಟರಾಜು ನನ್ನ ಮುಖ ನೋಡಿದರು, ಗೋಡೆ ನೋಡಿದರು, ನೀರು ಹಾಕಿದರು. ಅವರ ಹಿಂದಿನವರೂ ಹಾಕಿದರು. ಒಲೆಯ ಬಾಯಿಗೆ, ಹೆಂಚಿಗೆ, ಸೌದೆಗೆ, ಕೊನೆಗೆ ನನ್ನ ಮೇಲೂ. ಅಜ್ಜಿ ಕೋಲು ಹಿಡಿದುಕೊಂಡು ಒಂದು ಪಕ್ಕ ನಿಂತು, "ಯಾಕ್ರಲಾ ಪೂಜೆ ಆದ್ಮೇಲೆ ತೊಳೀತೀರಿ?" ಎಂದು ಕೇಳುತ್ತಿದ್ದರು.

ಸೊಪ್ಪು ಹಾಳಾಯಿತು. ಅದು ಹೋಗಲಿ, ಒಂದು ಬ್ಯಾರನ್ನಿನ ಸೊಪ್ಪು ಹೋದರೆ ಮುಂದಿನದರಲ್ಲಿ ನೋಡಿಕೊಳ್ಳಬಹುದು. ನನಗೆ ಈಗಲೂ ಉರಿಯುವುದು ಬೇರೆ ವಿಷಯಕ್ಕೆ. ಬ್ಯಾರನ್ನಿನ ಮುಂದೆ ನಿಂತು, ಕಣ್ಣಾರೆ ಕಂಡು, ಬಾಯಿ ಬಿಟ್ಟು ಹೇಳಿದವಳ ಮಾತನ್ನು ಯಾರೂ ಕೇಳಲಿಲ್ಲ. ಸಾವಿರಾರು ಮೈಲಿ ದೂರದಿಂದ ಕುಂಕುಮವನ್ನು ಬೆಂಕಿ ಎಂದವರ ಮಾತನ್ನು ಕೇಳಿದರು. ಅಜ್ಜಿ ಒಂದು ಟೋಪಿ ತೋರಿಸಿ ಊರನ್ನೇ ಸುಮ್ಮನಿರಿಸಿದ್ದರು. ಬಿ.ಎ. ಓದಿದ ನನ್ನ ಕೈಯಲ್ಲಿ ನಟರಾಜುವಿನ ಒಂದು ಕೊಡ ತಡೆಯಲು ಆಗಲಿಲ್ಲ. ನನಗೆ ಅವಮಾನವಾಯಿತು ಸಾಹೇಬರೇ. ಒದ್ದೆ ಸೀರೆಯಲ್ಲೇ ಕೂತು ಅತ್ತುಬಿಟ್ಟೆ.

ಆಮೇಲಿನದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆ. ಆ ದಿನದ ನಂತರ ಸ್ಪೀಕರು ಸುಮ್ಮನಾಯಿತು. ಹಾಲು ಕರೆಯುವಾಗ ಮಾತಿಲ್ಲ, ಉಪ್ಪಿಟ್ಟಿಗೆ ಟೀಕೆಯಿಲ್ಲ. ಹಸು ಕೂಡ ಆಗಾಗ ತಲೆಯೆತ್ತಿ ನೋಡುತ್ತಿತ್ತು. ನಾನು ಹಿತ್ತಲಿಗೆ ಹೋದರೆ ಕ್ಯಾಮೆರಾದ ಕತ್ತು ಮೆಲ್ಲಗೆ ಹಿತ್ತಲ ಕಡೆ ತಿರುಗುತ್ತಿತ್ತು, ಬಾವಿಯ ಹತ್ತಿರ ಹೋದರೆ ಬಾವಿ ಕಡೆಗೆ. ಒಂದು ಮಾತಿಲ್ಲ, ಬರೀ ತಿರುಗುವ ಸಣ್ಣ ಸದ್ದು. ಅಷ್ಟು ದೂರದಲ್ಲಿ, ಆ ಚಳಿಯಲ್ಲಿ ಕೂತು, ತಪ್ಪು ಮಾಡಿದ ಮನುಷ್ಯ ನನ್ನ ಹಿಂದೆಯೇ ಬರುತ್ತಿದ್ದಾರೆ ಅನ್ನಿಸಿತು. ಕೊನೆಗೆ ನಾನೇ ಅದರ ಮುಂದೆ ನಿಂತು "ಊಟ ಆಯ್ತಾ?" ಎಂದು ಕೇಳಿದೆ. "ಆಯ್ತು" ಅಂತು. "ಏನು?" ಅಂದೆ. ಮೆಲ್ಲಗೆ ಹೇಳಿತು, "ಉಪ್ಪಿಟ್ಟು."

ಈ ಜನವರಿಯಲ್ಲಿ ಅವರಿಗೆ ತಾವು ರಜೆ ಕೊಟ್ಟಿರಿ. ಶ್ರಾವಣದಲ್ಲಿ ಕೊಡಿ ಎಂದು ಅವರು ಕೇಳಿದ್ದು, ಕೊಟ್ಟದ್ದು ಜನವರಿಯಲ್ಲಿ. ಪ್ರತಿ ಸಲ ಹೀಗೆಯೇ. ಜನವರಿಯಲ್ಲಿ ನಮ್ಮೂರಲ್ಲಿ ಅವರೆಕಾಯಿ ಸುಲಿಯುವುದು ಬಿಟ್ಟರೆ ಗಂಡಸಿಗೆ ಬೇರೆ ಕೆಲಸವಿಲ್ಲ. ಬಂದ ಮೊದಲ ದಿನ ನಾನು ಕೊಟ್ಟಿಗೆಯಲ್ಲಿದ್ದೆ, ತಲೆಯ ಮೇಲಿನಿಂದ "ಶಾಂತಾ, ಹುಲ್ಲು ಜಾಸ್ತಿಯಾಯ್ತು" ಎಂದು ಕೇಳಿತು. ಅಭ್ಯಾಸಬಲದಿಂದ ಸರಿ ಎಂದೆ. ಆಮೇಲೆ ನೆನಪಾಯಿತು, ಈ ಮನುಷ್ಯ ಮನೆಯಲ್ಲೇ ಇದ್ದಾರಲ್ಲ ಎಂದು. ಹೋಗಿ ನೋಡಿದರೆ ನಡುಮನೆಯಲ್ಲಿ ಕಾಲು ಚಾಚಿಕೊಂಡು, ಫೋನಿನಲ್ಲಿ ಕೊಟ್ಟಿಗೆ ನೋಡುತ್ತಾ ಕೂತಿದ್ದರು. ಅತ್ತೆ ಫೋನು ಕಿತ್ತುಕೊಂಡು, "ಎದ್ ಬಾರ್ಲಾ ಮಗ, ಕೊಟ್ಟಿಗೆ ಗೋಡೆ ಆಚಿಗೇ ಐತೆ" ಅಂದರು. ಪಿಂಚಣಿ ಪಡೆದು ಮನೆಯಲ್ಲಿರುವ ಮಾವನವರು ಪೇಪರಿನಿಂದ ತಲೆ ಎತ್ತದೆ, "ನಂಗೂ ಎಲ್ಡು ವರ್ಷ ಬೇಕಾಯ್ತು ಕಣೋ, ಏನ್ ಕೆಲ್ಸ ಅಂತ ಇವಳನ್ನ ಕೇಳಿ ಮಾಡೋದ್ ಕಲಿಯಾಕೆ" ಎಂದು ಮಗನಿಗೆ ಸಮಾಧಾನ ಹೇಳಿದರು.

ಆಗ ನನಗೊಂದು ವಿಷಯ ಹೊಳೆಯಿತು. ಬ್ಯಾರನ್ ತೋರಿಸಲು ಕರೆದುಕೊಂಡು ಹೋದೆ. ಅವರು ಒಳಗೆ ನಿಂತು, ತಣ್ಣಗಿನ ಗೋಡೆ ಮುಟ್ಟಿ ನೋಡಿ, "ಉರಿಯುವಾಗ ಎಷ್ಟು ಬಿಸಿ ಇರುತ್ತೆ?" ಎಂದು ಕೇಳಿದರು. ಓದುವಾಗ ಹಾಸ್ಟೆಲ್ಲಿನಲ್ಲಿದ್ದು ಅಲ್ಲಿಂದ ನೇರ ಪಲ್ಟನ್ನಿಗೆ ಹೋದ, ಮದುವೆಯಾದಾಗಿನಿಂದ ಈ ಬ್ಯಾರನ್ನಿಗೆ ಆಜ್ಞೆ ಮಾಡುತ್ತಿರುವ ಮನುಷ್ಯ ಒಂದು ಸಲವೂ ಅದನ್ನು ಬಿಸಿಯಾಗಿ ನೋಡಿಲ್ಲ. ಅದರ ತಪ್ಪು ಅವರದ್ದೇ? ರಜೆ ಕೊಡುವವರದ್ದೇ? ಒಲೆಯ ಮುಂದೆ ಒಮ್ಮೆ ಬೆವರಿದ್ದರೆ ಅವರು ಕುಂಕುಮಕ್ಕೆ ನೀರು ಹಾಕಿಸುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದರು. ಅಷ್ಟು ನನಗೆ ನಂಬಿಕೆಯಿದೆ.

ಆದ್ದರಿಂದ ನನ್ನ ಬೇಡಿಕೆ. ಸಸಿ ನೆಟ್ಟಾಗಿದೆ, ಈ ಶ್ರಾವಣದಲ್ಲಿ ಮೊದಲ ಬೆಂಕಿ. ಹವಾಲ್ದಾರ್ ಕನಕರಾಜು ಅವರನ್ನು ಕೈಕಾಲು ಸಮೇತ ಕಳಿಸಿಕೊಡಿ. ಸೌದೆ ಹೊರಲಿ, ಕಡ್ಡಿ ಕಟ್ಟಲಿ, ನನ್ನ ಪಕ್ಕದ ಮಣೆಯಲ್ಲಿ ಕೂರಲಿ. ದೇಶಕ್ಕೆ ಅವರು ಬೇಕೇ ಬೇಕು ಎಂದಾದರೆ ನಾನು ಅಡ್ಡ ಬರುವುದಿಲ್ಲ, ಮೂರು ತಲೆಮಾರಿನಿಂದ ಅಡ್ಡ ಬಂದವರಲ್ಲ ನಾವು. ಆಗ ಅವರ ಟೋಪಿ ಕಳಿಸಿ. ಟೋಪಿಯನ್ನು ಇಟ್ಟುಕೊಂಡು ಮನೆ ನಡೆಸುವುದು ನಮಗೆ ಗೊತ್ತು, ಊರಿಗೂ ಅದರ ಮುಂದೆ ತೆಪ್ಪಗಿರುವುದು ಗೊತ್ತು. ಟೋಪಿ ಬಂದ ದಿನ ಮುಜಫರ್ ಅವರನ್ನು ಕರೆಸಿ ಕ್ಯಾಮೆರಾಗಳ ಸ್ಪೀಕರನ್ನು ಬಿಚ್ಚಿಸುತ್ತೇನೆ. ಕಣ್ಣನ್ನು ಹಾಗೇ ಬಿಡುತ್ತೇನೆ, ಕತ್ತನ್ನೂ. ಅವರು ನೋಡಿಕೊಳ್ಳಲಿ, ನೋಡುವುದು ಬೇಡ ಎಂದು ನಾನು ಯಾವತ್ತೂ ಅಂದಿಲ್ಲ.

ಇಷ್ಟು ಬರೆದು, ಓದು ಬಾರದ ಅಜ್ಜಿಗೆ ಕೇಳಿಸಲೆಂದು ಜಗಲಿಯಲ್ಲಿ ಕೂತು ಜೋರಾಗಿ ಓದಿದೆ. ಅಜ್ಜಿ "ಸರ್ಯಾಗ್ ಬರ್ದಿದ್ದೀ ಕಣವ್ವ" ಅಂದರು. ಓದಿ ಮುಗಿಸುವ ಹೊತ್ತಿಗೆ ತಲೆಯ ಮೇಲೆ ಸಣ್ಣ ಸದ್ದಾಯಿತು, ಕ್ಯಾಮೆರಾ ನನ್ನ ಕಡೆಗೆ ಕತ್ತು ತಿರುಗಿಸಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಮೆತ್ತಗೆ ಕೇಳಿತು, "ಶಾಂತಾ, ಹಳೇ ಟೋಪಿ ಕಳಿಸ್ಲಾ, ಹೊಸದಾ?"

ನಾನು ಇನ್ನೂ ಉತ್ತರ ಹೇಳಿಲ್ಲ ಸಾಹೇಬರೇ. ಮೊದಲು ತಮ್ಮ ಉತ್ತರ ಬರಲಿ.

ಇಂತಿ,
ಪಕ್ಕದ ಮಣೆಯನ್ನು ಒರೆಸಿಟ್ಟುಕೊಂಡು, ಕ್ಯಾಮೆರಾದ ಕಣ್ಣಳತೆಯಲ್ಲೇ ಕೂತಿರುವ,
ಶಾಂತಲಾ
ಕಟ್ಟೆಮಳಲವಾಡಿ